ಪ್ರೇಕ್ಷಕರ ತೀರ್ಪು

ಆಡುವವನು ಒಬ್ಬನು, ನೋಡುವವನು ಮತ್ತೊಬ್ಬನು. ಆಟವು ಗೆದ್ದಿತೋ ಸೋತಿತೋ ಎಂಬುದನ್ನು ನಿರ್ಣಯಿಸತಕ್ಕವನು ಯಾರು? ಈ ಪ್ರಶ್ನೆಯು ಇಂದಿನದಲ್ಲ. ಬಯಲಾಟದ ರಂಗಸ್ಥಳದ ಮುಂದೆ ಚಾಪೆ ಹಾಸಿ ಕುಳಿತ ಜನರಲ್ಲಿಯೂ, ಕಂಪೆನಿ ನಾಟಕಗಳಲ್ಲಿ ಒಂದೇ ಹಾಡನ್ನು 'ಒನ್ಸ್ ಮೋರ್' ಎಂದು ಕೂಗಿ ಮತ್ತೆ ಮತ್ತೆ ಹಾಡಿಸಿದವರಲ್ಲಿಯೂ, ಈಗ ಅಂಗೈಯಗಲದ ಫೋನಿನಲ್ಲಿ ಚಿತ್ರವನ್ನು ನೋಡಿ ಆ ಕ್ಷಣವೇ ಅಭಿಪ್ರಾಯವನ್ನು ಲೋಕಕ್ಕೆ ಸಾರುವ ತರುಣರಲ್ಲಿಯೂ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎದ್ದಿದೆ. ಇದಕ್ಕೆ ಒಂದು ಉತ್ತಮವಾದ ದೃಷ್ಟಾಂತವು ಹಾರೋಹಳ್ಳಿಗೆ ಪಶ್ಚಿಮದಲ್ಲಿರುವ ರಾಮನಗರದ ಬಂಡೆಗಳ ನಡುವೆಯೇ ದೊರೆಯುತ್ತದೆ. ನೆರೆಯ ಊರಿನ ವೃತ್ತಾಂತವಾದುದರಿಂದ ಇದನ್ನು ಸ್ವಲ್ಪ ವಿಸ್ತರಿಸಿ ನೋಡುವುದು ಅನುಚಿತವಾಗದು.

ಮೊದಲು ಶಾಸ್ತ್ರವೇನು ಹೇಳುತ್ತದೆಂಬುದನ್ನು ವಾಚಕರು ಲಕ್ಷಿಸಬೇಕು. ಭರತಮುನಿಯ ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನು, ಎಂದರೆ ಗೆಲುವನ್ನು, ವಿಚಾರಿಸುತ್ತದೆ. ಸಿದ್ಧಿಯು ಎರಡು ಬಗೆ: ಮಾನುಷೀ, ದೈವಿಕೀ ಎಂದು. ಮಾನುಷೀ ಸಿದ್ಧಿಯ ಗುರುತುಗಳು ಹತ್ತು. ಪ್ರೇಕ್ಷಕರ ಮುಗುಳ್ನಗೆ, ಅರ್ಧಹಾಸ, ಅತಿಹಾಸ, 'ಸಾಧು' ಎಂಬ ಮೆಚ್ಚುಗೆ, 'ಅಹೋ' ಎಂಬ ವಿಸ್ಮಯ, 'ಕಷ್ಟಂ' ಎಂಬ ಮರುಕ, ದೊಡ್ಡದಾಗಿ ಏಳುವ ಕೋಲಾಹಲ, ಇವು ಮಾತಿನ ಗುರುತುಗಳು. ರೋಮಾಂಚ, ಆಸನದಿಂದ ಏಳುವುದು, ಉಟ್ಟ ಬಟ್ಟೆಯನ್ನೋ ಬೆರಳಿನ ಉಂಗುರವನ್ನೋ ತೆಗೆದು ರಂಗದತ್ತ ನೀಡುವುದು, ಇವು ಶರೀರದ ಗುರುತುಗಳು. ಟೆಂಟು ಸಿನೆಮಾಗಳಲ್ಲಿ ನೆಲದ ಟಿಕೀಟಿನವರು ಸಿಳ್ಳು ಹಾಕಿ ತೆರೆಯ ಕಡೆಗೆ ಚಿಲ್ಲರೆ ಕಾಸನ್ನು ಎರಚುತ್ತಿದ್ದುದನ್ನು ನೋಡಿ ನಕ್ಕ ಪಂಡಿತರು ಈ ಹತ್ತನೆಯ ಲಕ್ಷಣವನ್ನು ಮರೆತವರೇ ಸರಿ. ಆದರೆ ದೈವಿಕೀ ಸಿದ್ಧಿಯ ಲಕ್ಷಣವು ಇದಕ್ಕಿಂತ ಬೇರೆ. ರಂಗವು ಜನರಿಂದ ತುಂಬಿರಬೇಕು. ಶಬ್ದವಿರಬಾರದು, ಕ್ಷೋಭೆಯಿರಬಾರದು, ಉತ್ಪಾತವಿರಬಾರದು. ಹಾಗಿದ್ದರೆ ಅದು ದೈವಿಕೀ ಸಿದ್ಧಿ. ತುಂಬಿದ ಸಭೆಯ ಮೌನವು ಚಪ್ಪಾಳೆಗಿಂತ ಮಿಗಿಲಾದುದೆಂದು ಇದರ ತಾತ್ಪರ್ಯ.

ಕನ್ನಡಿಗರು ಪ್ರೇಕ್ಷಕರಾಗಿ ಪಳಗಿದುದು ನಾಟಕದಲ್ಲಿ. 1934ನೆಯ ಇಸವಿಯ ಮಾರ್ಚಿ 3ರಂದು ಬೆಂಗಳೂರಿನ ಪ್ಯಾರಮೌಂಟ್ ಮಂದಿರದಲ್ಲಿ ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನಾ' ತೆರೆ ಕಂಡಿತು. ಚಿತ್ರಣವು ನಡೆದುದು ಕೊಲ್ಹಾಪುರದಲ್ಲಿ, ನಿರ್ದೇಶಕರು ವೈ. ವಿ. ರಾವ್, ಸಂಭಾಷಣೆಯನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು, ಮುಖ್ಯ ಪಾತ್ರಗಳಲ್ಲಿ ಆರ್. ನಾಗೇಂದ್ರರಾಯರೂ ಎಂ. ವಿ. ಸುಬ್ಬಯ್ಯನಾಯಿಡುಗಳೂ ತ್ರಿಪುರಾಂಬೆಯೂ ಇದ್ದರು. ಕಥೆಯು ಪುರಾಣದ್ದು, ನಟರು ರಂಗಭೂಮಿಯವರು. ಆದುದರಿಂದ ಜನರು ನಾಟಕವನ್ನು ಅಳೆಯುತ್ತಿದ್ದ ಕೋಲಿನಿಂದಲೇ ಚಿತ್ರವನ್ನೂ ಅಳೆದರು. ಹಾಡು ಚೆನ್ನಾಗಿದೆಯೆ, ಮಾತು ಸ್ಪಷ್ಟವೆ, ಪಾತ್ರಕ್ಕೆ ಗಾಂಭೀರ್ಯವುಂಟೆ ಎಂದು ಕೇಳಿದರು. ಮುಂದೆ ಟೆಂಟುಗಳು ಹಳ್ಳಿ ಹಳ್ಳಿಗೆ ಬಂದವು. ನೆಲ, ಬೆಂಚು, ಕುರ್ಚಿ ಎಂದು ಸ್ಥಾನಗಳು ಬೇರೆಯಾದರೂ ಚಿತ್ರದ ಆಯುಷ್ಯವನ್ನು ನಿರ್ಣಯಿಸಿದವರು ನೆಲದವರೇ. 1972ರಲ್ಲಿ ಬಂದ 'ಬಂಗಾರದ ಮನುಷ್ಯ'ವು ಬೆಂಗಳೂರಿನಲ್ಲಿ ಒಂದು ವರ್ಷವನ್ನು ಮೀರಿ ನಡೆದುದೂ, ಅದನ್ನು ನೋಡಿ ಓದಿದ ತರುಣರು ಕೆಲವರು ಬೇಸಾಯಕ್ಕೆ ಮರಳಿದರೆಂಬ ಮಾತು ನಾಡಿನಲ್ಲಿ ಹಬ್ಬಿದುದೂ ಈ ತೀರ್ಪಿನ ಬಲವನ್ನು ತೋರಿಸುತ್ತವೆ. ಆ ಚಿತ್ರದ ನಾಯಕರಾದ ರಾಜಕುಮಾರರು ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆದುದು ಕೇವಲ ವಿನಯದ ಮಾತಲ್ಲ; ಅನುಭವದ ಮಾತು.

ಇನ್ನು ರಾಮನಗರದ ವೃತ್ತಾಂತಕ್ಕೆ ಬರೋಣ. ಸರ್ ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ ಈ ಊರಿನ ಮಗ್ಗುಲಲ್ಲಿ ರಾಮದೇವರ ಬೆಟ್ಟವಿದೆ. ರೇಷ್ಮೆಗೂಡಿನ ಮಾರುಕಟ್ಟೆಗೆ ಪ್ರಸಿದ್ಧವಾದ ಈ ಸೀಮೆಗೆ 1973ರ ಅಕ್ಟೋಬರಿನಲ್ಲಿ ಬೊಂಬಾಯಿಯಿಂದ ಒಂದು ದೊಡ್ಡ ಪರಿವಾರವು ಬಂದಿಳಿಯಿತು. ನಿರ್ಮಾಪಕರು ಜಿ. ಪಿ. ಸಿಪ್ಪಿ, ನಿರ್ದೇಶಕರು ಅವರ ಮಗ ರಮೇಶ್ ಸಿಪ್ಪಿ, ಕಥೆಯನ್ನು ಬರೆದವರು ಸಲೀಂ ಮತ್ತು ಜಾವೇದ್, ಛಾಯಾಗ್ರಾಹಕರು ದ್ವಾರಕಾ ದಿವೇಚಾ. ಕಲಾನಿರ್ದೇಶಕರಾದ ರಾಮ್ ಯೇಡೇಕರರು ಬಂಡೆಗಳ ಬುಡದಲ್ಲಿ 'ರಾಮಗಢ'ವೆಂಬ ಒಂದು ಹಳ್ಳಿಯನ್ನೇ ಕಟ್ಟಿಸಿದರು. ಅಲ್ಲಿಗೆ ಹೋಗಿಬರಲು ಬೆಂಗಳೂರಿನ ಹೆದ್ದಾರಿಯಿಂದ ರಸ್ತೆಯನ್ನೂ ಮಾಡಿಸಬೇಕಾಯಿತು. ಉತ್ತರದೇಶದ ಕಳ್ಳಕಾಕರ ಕಥೆಗೆ ಕನ್ನಡ ನಾಡಿನ ಕಲ್ಲುಬೆಟ್ಟವು ಹಿನ್ನೆಲೆಯಾಯಿತು. ಆರು ತಿಂಗಳಲ್ಲಿ ಮುಗಿಯಬೇಕೆಂದಿದ್ದ ಕೆಲಸವು ಎರಡು ವರ್ಷಗಳ ಹತ್ತಿರಕ್ಕೆ ಬೆಳೆಯಿತು. ವೆಚ್ಚವು ಸುಮಾರು 3 ಕೋಟಿ ರೂಪಾಯಿಗಳಿಗೆ ಏರಿತು. ಆ ಕಾಲಕ್ಕೆ ಇದು ಅಸಾಧಾರಣವಾದ ಮೊತ್ತ.

ಹೀಗೆ ಸಿದ್ಧವಾದ 'ಶೋಲೆ'ಯು 1975ರ ಆಗಸ್ಟ್ 15ರಂದು ಬೊಂಬಾಯಿಯಲ್ಲಿ ಬಿಡುಗಡೆಯಾಯಿತು. ದೇಶದಲ್ಲಿ ಆಗ ತುರ್ತುಪರಿಸ್ಥಿತಿ. ಕಥೆಯ ಕೊನೆಯಲ್ಲಿ ಠಾಕೂರನು ದರೋಡೆಗಾರ ಗಬ್ಬರನನ್ನು ತಾನೇ ಕೊಲ್ಲುವಂತೆ ಚಿತ್ರಿಸಿದ್ದ ಭಾಗವನ್ನು ಪರಿಶೀಲನ ಮಂಡಳಿಯು ಒಪ್ಪಲಿಲ್ಲ. ಪೋಲೀಸರು ಬಂದು ಅವನನ್ನು ಹಿಡಿದೊಯ್ಯುವಂತೆ ಆ ಭಾಗವನ್ನು ಮತ್ತೆ ಚಿತ್ರಿಸಬೇಕಾಯಿತು. ಬಿಡುಗಡೆಯಾದ ಮೊದಲ ದಿನಗಳಲ್ಲಿ ವಿಮರ್ಶಕರು ಹಲವರು ಇದು ವ್ಯರ್ಥವೆಂದು ಬರೆದರು. ವ್ಯಾಪಾರಿಗಳು ನಷ್ಟವೆಂದು ಲೆಕ್ಕ ಹಾಕಿದರು. ಅವರ ಭಯಕ್ಕೆ ಮುಖ್ಯ ಕಾರಣವಾದುದು ಪ್ರೇಕ್ಷಕರ ಮೌನ. ಮಂದಿರದಲ್ಲಿ ಸಿಳ್ಳಿಲ್ಲ, ಚಪ್ಪಾಳೆಯಿಲ್ಲ. ಇದು ಸೋಲಿನ ಲಕ್ಷಣವೆಂದೇ ಬಗೆದು, ಕಥೆಯಲ್ಲಿ ಸಾಯುವ ಜಯ್ ಎಂಬವನನ್ನು ಬದುಕಿಸಿ ಕೊನೆಯನ್ನು ಪುನಃ ಚಿತ್ರಿಸೋಣವೆಂಬ ಆಲೋಚನೆಯೂ ನಡೆಯಿತು. ಕೆಲವು ದಿನ ಕಾದು ನೋಡಬೇಕೆಂದು ನಿಶ್ಚಯಿಸಿದುದರಿಂದ ಆ ಅನಾಹುತವು ತಪ್ಪಿತು.

ಈ ಸಮಯದಲ್ಲಿ ಮರ್ಮವನ್ನು ಗ್ರಹಿಸಿದವನು ಪಂಡಿತನಲ್ಲ, ವರಳಿ ಭಾಗದ ಒಂದು ಚಿತ್ರಮಂದಿರದ ಯಜಮಾನ. ಅವನು ನಿರ್ದೇಶಕರನ್ನು ಕಂಡು ಅಭಿನಂದಿಸಿದನು. ಕಾರಣವೇನೆಂದು ಕೇಳಲು, ತನ್ನಲ್ಲಿ ಐಸ್‌ಕ್ರೀಮು ಮತ್ತು ತಂಪು ಪಾನೀಯಗಳ ಮಾರಾಟವು ಇಳಿದಿದೆಯೆಂದೂ, ಜನರು ಚಿತ್ರದಲ್ಲಿ ಮುಳುಗಿ ಹೊರಗೆ ಬರುವುದನ್ನೇ ಮರೆತಿರುವರೆಂದೂ ತಿಳಿಸಿದನೆಂದು ಆ ಚಿತ್ರದ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಭರತನ ಗ್ರಂಥವನ್ನು ಆ ಯಜಮಾನನು ಓದಿದ್ದನೋ ಇಲ್ಲವೋ, ದೈವಿಕೀ ಸಿದ್ಧಿಯನ್ನು ಮಾತ್ರ ಅವನು ಗುರುತಿಸಿದನು. ಮಾನುಷೀ ಸಿದ್ಧಿಯೊಂದನ್ನೇ ಬಲ್ಲ ವ್ಯಾಪಾರಿಗಳಿಗೆ ಅದು ಕಾಣಲಿಲ್ಲ.

ಮುಂದಿನದು ಎಲ್ಲರೂ ಬಲ್ಲ ಸಂಗತಿ. ನೋಡಿದವರು ನೋಡದವರಿಗೆ ಹೇಳಿದರು. ಕೇಳಿದವರು ಹೋಗಿ ನೋಡಿದರು. ಬೊಂಬಾಯಿಯ ಮಿನರ್ವಾ ಮಂದಿರದಲ್ಲಿ ಚಿತ್ರವು ಐದು ವರ್ಷಗಳನ್ನು ಮೀರಿ ನಡೆಯಿತು. ಹಾಡುಗಳ ಬದಲು ಮಾತುಗಳನ್ನೇ ತುಂಬಿದ ಧ್ವನಿಮುದ್ರಿಕೆಗಳು ಮಾರಾಟವಾಗಿ, ಹಿಂದಿಯನ್ನು ಅರಿಯದ ಹಳ್ಳಿಗಳಲ್ಲಿಯೂ ಗಬ್ಬರನ ಮಾತುಗಳು ಮಕ್ಕಳ ಬಾಯಿಗೆ ಬಂದವು. ಆ ಪಾತ್ರವನ್ನು ವಹಿಸಿದ ಅಮ್ಜದ್ ಖಾನರ ಕಂಠವು ದುರ್ಬಲವೆಂದು ಮೊದಲು ಆಕ್ಷೇಪಿಸಿದವರಿದ್ದರೆಂಬುದನ್ನು ನೆನೆದರೆ ನಗು ಬರುವುದು. ಫಿಲ್ಮ್‌ಫೇರ್ ಪ್ರಶಸ್ತಿಗೆ ಒಂಬತ್ತು ವಿಭಾಗಗಳಲ್ಲಿ ಹೆಸರು ಸೂಚಿತವಾದರೂ ಆ ವರ್ಷ ದೊರೆತುದು ಒಂದೇ, ಎಂ. ಎಸ್. ಶಿಂದೆಯವರ ಸಂಕಲನಕ್ಕೆ. ಅದೇ ಸಂಸ್ಥೆಯು 2005ರಲ್ಲಿ ಇದನ್ನೇ ಐವತ್ತು ವರ್ಷಗಳ ಅತ್ಯುತ್ತಮ ಚಿತ್ರವೆಂದು ಸಾರಿತು. ಮೂವತ್ತು ವರ್ಷಗಳ ಹಿಂದೆ ನೆಲದ ಮೇಲೆ ಕುಳಿತವರು ಕೊಟ್ಟ ತೀರ್ಪನ್ನು ವೇದಿಕೆಯ ಮೇಲಿನವರು ಕೊನೆಗೆ ಓದಿದರು. 2025ರಲ್ಲಿ ಇಟಲಿ ದೇಶದ ಬೊಲೋನ್ಯಾ ನಗರದಲ್ಲಿ ಮೊದಲಿನ ಆ ಕೊನೆಯನ್ನೂ ಕೂಡಿಸಿ ಜೀರ್ಣೋದ್ಧಾರ ಮಾಡಿದ ಪ್ರತಿಯು ತೋರಿಸಲ್ಪಟ್ಟಿತು.

ಹಾಗಾದರೆ ಬಹುಜನರ ಅಭಿಪ್ರಾಯವೇ ಸತ್ಯವೆ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಕಾಳಿದಾಸನ ಸೂತ್ರಧಾರನು ಶಾಕುಂತಲದಲ್ಲಿ ವಿದ್ವಾಂಸರು ಸಂತೋಷಪಡುವ ತನಕ ತನ್ನ ಪ್ರಯೋಗವನ್ನು ನಂಬಲಾರನು; ಮಾಲವಿಕಾಗ್ನಿಮಿತ್ರದಲ್ಲಿಯಾದರೋ ಹಳೆಯದೆಲ್ಲ ಒಳ್ಳೆಯದಲ್ಲ, ಹೊಸದೆಲ್ಲ ಕೆಟ್ಟುದಲ್ಲವೆಂದು ವಾದಿಸುತ್ತಾನೆ. ಭರತನೂ ಒಬ್ಬನನ್ನೇ ತೀರ್ಪುಗಾರನನ್ನಾಗಿ ಮಾಡಲಿಲ್ಲ. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ರಾಜ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ, ಹೀಗೆ ಹತ್ತು ಮಂದಿಯನ್ನು ಪ್ರಾಶ್ನಿಕರೆಂದು ಹೆಸರಿಸಿ, ಅವರವರು ಬಲ್ಲುದನ್ನು ಮಾತ್ರ ಅವರವರು ನಿರ್ಣಯಿಸಲಿ ಎಂದನು. ಪ್ರೇಕ್ಷಕನಿಗೆ ಅವನು ಹೇಳಿದ ಮುಖ್ಯ ಲಕ್ಷಣವೆಂದರೆ ಪಾತ್ರವು ಸಂತೋಷಪಟ್ಟಾಗ ಸಂತೋಷಪಡುವುದು, ದುಃಖಿಸಿದಾಗ ದುಃಖಿಸುವುದು. ಇದಕ್ಕೆ ವಿದ್ಯೆ ಬೇಕೇಬೇಕೆಂದಿಲ್ಲ, ಹೃದಯ ಬೇಕು.

ಪ್ರಯೋಗಕ್ಕೆ ಬರುವ ಘಾತಗಳನ್ನು ಹೇಳುವಾಗ ಶಾಸ್ತ್ರವು ಇನ್ನೂ ಸೂಕ್ಷ್ಮವಾಗುತ್ತದೆ. ಪರರಿಂದ ಹುಟ್ಟುವ ಘಾತಕ್ಕೆ ಕಾರಣಗಳು ಮಾತ್ಸರ್ಯ, ದ್ವೇಷ, ಪಕ್ಷಪಾತ, ಹಣದ ಆಸೆ ಎಂದು ಅದು ಎಣಿಸುತ್ತದೆ. ಇಂದು ಚಿತ್ರವು ಅರ್ಧ ಮುಗಿಯುವ ಮೊದಲೇ ನಕ್ಷತ್ರಗಳನ್ನು ಎಣಿಸಿ ತೀರ್ಪು ಕೊಡುವವರೂ, ಒಬ್ಬ ನಟನ ಮೇಲಿನ ಅಭಿಮಾನಕ್ಕಾಗಿ ಮತ್ತೊಬ್ಬನ ಚಿತ್ರವನ್ನು ಹಳಿಯುವವರೂ, ಕೂಲಿಗೆ ಹೊಗಳುವವರೂ ಈ ನಾಲ್ಕರೊಳಗೆ ಅಡಗುತ್ತಾರೆ. ಗಳಿಸಿದ ಕೋಟಿಗಳನ್ನೇ ಗುಣವೆಂದು ಎಣಿಸುವುದು ಹೊಸ ರೋಗ. 1975ರ ಆಗಸ್ಟಿನಲ್ಲಿ ಇಂದಿನ ವೇಗವಿದ್ದಿದ್ದರೆ ಮೊದಲ ದಿನದ ಮಧ್ಯಾಹ್ನವೇ 'ಶೋಲೆ'ಯು ಸತ್ತುದೆಂದು ಲೋಕಕ್ಕೆಲ್ಲ ಸಾರಲಾಗುತ್ತಿತ್ತು. ಜನರ ಮೌನಕ್ಕೆ ಪಕ್ವವಾಗುವ ಅವಕಾಶವೇ ಇರುತ್ತಿರಲಿಲ್ಲ.

ಕನ್ನಡ ಪ್ರೇಕ್ಷಕನಿಗೆ ಇನ್ನೊಂದು ಸಂಕಟವೂ ಇತ್ತು. ತನ್ನ ನಾಡಿನ ಬಂಡೆಗಳನ್ನು ಅವನು ಪರಭಾಷೆಯಲ್ಲಿ ನೋಡಬೇಕಾಯಿತು. ಪರಭಾಷಾ ಚಿತ್ರಗಳಿಗೆ ಕನ್ನಡದ ಮಾತನ್ನು ಕೂಡಿಸಬಾರದೆಂಬ ಕಟ್ಟುಪಾಡನ್ನು ಕನ್ನಡ ಚಿತ್ರೋದ್ಯಮವು 1960ರ ದಶಕದಿಂದ ನಡೆಸಿಕೊಂಡು ಬಂದಿತ್ತು. ಎಳೆಯ ಉದ್ಯಮವು ಉಳಿಯಬೇಕೆಂಬುದು ಒಂದು ಪಕ್ಷ. ಕನ್ನಡವೊಂದನ್ನೇ ಬಲ್ಲವನಿಗೆ ಲೋಕದ ಕಲೆಯು ಮುಚ್ಚಿಹೋಯಿತೆಂಬುದು ಮತ್ತೊಂದು. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಪ್ರೇಕ್ಷಕನನ್ನು ಕೇಳಿದವರು ವಿರಳ. 1987ರ ಜನವರಿಯಿಂದ 1988ರ ಜುಲೈವರೆಗೆ ದೂರದರ್ಶನದಲ್ಲಿ ನಡೆದ 'ರಾಮಾಯಣ'ವನ್ನೂ ಕನ್ನಡಿಗರು ಹಿಂದಿಯಲ್ಲಿಯೇ ನೋಡಿದರು. ಕಥೆಯನ್ನು ಮೊದಲೇ ಬಲ್ಲವರಾದುದರಿಂದ ಭಾಷೆಯು ಅಡ್ಡಿಯಾಗಲಿಲ್ಲ. 2015ರಲ್ಲಿ ಭಾರತದ ಸ್ಪರ್ಧಾ ಆಯೋಗವು ಆ ಕಟ್ಟುಪಾಡಿಗೆ ವಿರುದ್ಧವಾಗಿ ತೀರ್ಪಿತ್ತ ಮೇಲೆ ಬಾಗಿಲು ತೆರೆಯಿತು. ಬಾಗಿಲು ತೆರೆದರೆ ಒಳಗಿನವರು ಹೊರಗೂ ಹೋಗಬಹುದಷ್ಟೆ. 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ಬಂದ 'ಕಾಂತಾರ'ವು ನೋಡಿದವರ ಬಾಯಿಮಾತಿನಿಂದಲೇ ಸುಮಾರು ಎರಡು ವಾರಗಳಲ್ಲಿ ಹಿಂದಿ, ತೆಲುಗು ಭಾಷೆಗಳಿಗೆ ಹೋಯಿತು.

ಬಾಯಿಮಾತಿಗೆ ನೆನಪು ಸಹಾಯಕವಾದ ಮತ್ತೊಂದು ಉದಾಹರಣೆಯು ಜಪಾನಿನದು. ಯೂಗೋ ಸಾಕೋ ಎಂಬ ಜಪಾನೀಯರ ಉದ್ಯಮದಿಂದ ಭಾರತದ ರಾಮ್ ಮೋಹನರ ಸಹಕಾರದೊಡನೆ ರಾಮಾಯಣವು ಬರೆದ ಚಿತ್ರಗಳ ರೂಪದಲ್ಲಿ ಸಿದ್ಧವಾಗಿ 1993ರಲ್ಲಿ ಭಾರತಕ್ಕೆ ಬಂದಿತು. ಅಂದು ಅದಕ್ಕೆ ತಕ್ಕ ಆದರ ದೊರೆಯಲಿಲ್ಲ. ಆದರೆ ದೂರದರ್ಶನದ ಪೆಟ್ಟಿಗೆಯಲ್ಲಿ ಅದನ್ನು ನೋಡಿದ ಮಕ್ಕಳು ಮರೆಯಲಿಲ್ಲ. ಅವರು ದೊಡ್ಡವರಾದ ಮೇಲೆ, 2025ರ ಜನವರಿಯಲ್ಲಿ, ಅದು ಭಾರತದ ಚಿತ್ರಮಂದಿರಗಳಿಗೆ ಬಂದಿತು. ಮಕ್ಕಳ ತೀರ್ಪು ತಡವಾಗಿ ಬಂದರೂ ತಪ್ಪಾಗಲಿಲ್ಲ.

ರಾಮಗಢದ ಆ ಹಳ್ಳಿಯು ಈಗ ಇಲ್ಲ. ಬಂಡೆಗಳು ಇವೆ, 2012ರಲ್ಲಿ ಆ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಸರಕಾರವು ಘೋಷಿಸಿತು. 2007ರಲ್ಲಿ ರಚಿತವಾದ ರಾಮನಗರ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಬದಲಾಯಿತು. ಊರಿನ ಹೆಸರುಗಳು ಅಧಿಕಾರದ ಆಜ್ಞೆಯಿಂದ ಬದಲಾಗುತ್ತವೆ. ಚಿತ್ರದ ಕೊನೆಯೂ ಒಮ್ಮೆ ಹಾಗೆಯೇ ಬದಲಾಯಿತು. ಆದರೆ ಪ್ರೇಕ್ಷಕರ ಹೃದಯದಲ್ಲಿ ಹುಟ್ಟಿದ ಮೆಚ್ಚುಗೆಯನ್ನು ಆಜ್ಞೆಯಿಂದ ಹುಟ್ಟಿಸಲೂ ಆಗದು, ಅಳಿಸಲೂ ಆಗದು. ಅದು ಮಾಗುವುದಕ್ಕೆ ಕಾಲ ಬೇಕು. ನೋಡಿದೊಡನೆ ನುಡಿಯುವ ಮೊದಲು ಒಂದು ರಾತ್ರಿ ಸುಮ್ಮನಿರುವುದನ್ನು ಪ್ರೇಕ್ಷಕರು ಕಲಿತರೆ ಕಲೆಗೂ ಕ್ಷೇಮ, ಅವರ ಅಭಿಪ್ರಾಯಕ್ಕೂ ಬೆಲೆ.