ವಿದೇಶದ ಕೆಲಸ, ದೂರದ ಮನೆ: ಯಾವ ಸಂಕಟ ಸಹಜ, ಯಾವುದಕ್ಕೆ ವೈದ್ಯರು ಬೇಕು?

ಕೆಲಸಕ್ಕೆಂದು ದುಬೈ, ದೋಹಾ ಅಥವಾ ಲಂಡನ್‌ಗೆ ಹೋದವರಿಗೆ ಮೊದಲ ಕೆಲವು ತಿಂಗಳು ಮನೆಯ ನೆನಪು ಕಾಡುವುದು, ನಿದ್ದೆ ಕೆಡುವುದು, ಸಣ್ಣ ಮಾತಿಗೂ ಸಿಟ್ಟು ಬರುವುದು ಸಾಮಾನ್ಯ. ಇದು ಮನಸ್ಸಿನ ದೌರ್ಬಲ್ಯವಲ್ಲ. ಆದರೆ 'ಹೊರಗೆ ಬಂದವರಿಗೆಲ್ಲ ಹೀಗೇ' ಎಂದುಕೊಂಡು ಖಿನ್ನತೆಯನ್ನೂ ಸಹಿಸುತ್ತಾ ಕೂರಬಾರದು. ನೀವು ಹೊರಟಿರಬಹುದು, ಅಲ್ಲಿರಬಹುದು ಅಥವಾ ನಿಮ್ಮ ಮನೆಯವರು ಅಲ್ಲಿರಬಹುದು. ಈ ವ್ಯತ್ಯಾಸ ತಿಳಿದಿರಲಿ.

ಏಕೆ ಹೀಗಾಗುತ್ತದೆ?

ಮಾನವಶಾಸ್ತ್ರಜ್ಞ ಕಲರ್ವೋ ಓಬರ್ಗ್ 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ 'ಕಲ್ಚರ್ ಶಾಕ್' ಅನ್ನು ವಿವರಿಸಿದರು. ಮೊದಲು ಹೊಸ ಜಾಗದ ಉತ್ಸಾಹ, ಆಮೇಲೆ ಬೇಸರ ಮತ್ತು ಸಿಟ್ಟು, ನಂತರ ನಿಧಾನವಾಗಿ ಹೊಂದಾಣಿಕೆ. ಎಲ್ಲರಿಗೂ ಇದೇ ಕ್ರಮದಲ್ಲಿ ಆಗಬೇಕೆಂದಿಲ್ಲ. ಡಿಸೆಂಬರ್‌ನಲ್ಲಿ ಸಂಜೆ 4ಕ್ಕೇ ಕತ್ತಲಾಗುವ ಲಂಡನ್, ಗಲ್ಫ್‌ನ ಬೇಸಿಗೆ, ಹಂಚಿಕೊಂಡ ಕೋಣೆ, ರಾತ್ರಿ ಪಾಳಿ, ತೀರಿಸಬೇಕಾದ ಸಾಲ ಇವೆಲ್ಲ ಬೇಸರವನ್ನು ಹೆಚ್ಚಿಸುತ್ತವೆ.

ಒಪ್ಪಿಕೊಳ್ಳುವುದು ಎಂದರೇನು?

ತಂಗಿಯ ಮದುವೆಗೆ ಹೋಗಲಾಗದ ದಿನ ಅಳು ಬಂದರೆ ತಡೆಯಬೇಡಿ. 'ಇವತ್ತು ಕಷ್ಟವಾಗಿದೆ' ಎಂದು ನಂಬಿಕೆಯ ಒಬ್ಬರ ಬಳಿ ಹೇಳಿ. ಊಟ, ನಿದ್ದೆ, ನಡಿಗೆಗೆ ನಿಗದಿತ ಸಮಯವಿರಲಿ. ನಿದ್ದೆಗಾಗಿ ಮದ್ಯದ ಮೊರೆ ಹೋಗಬೇಡಿ. ಅದು ನಿದ್ದೆಯನ್ನೂ ಮನಸ್ಸನ್ನೂ ಕೆಡಿಸುತ್ತದೆ.

ಆದರೆ ಸಂಬಳ ತಡೆಹಿಡಿಯುವುದು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು, ಹೊಡೆಯುವುದು ಹೊಂದಿಕೊಳ್ಳಬೇಕಾದ ಕಷ್ಟಗಳಲ್ಲ. ಭಾರತೀಯ ರಾಯಭಾರ ಕಚೇರಿಗೆ ಅಥವಾ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ಕೊಡಿ. ಊರಿನಲ್ಲಿರುವ ಮನೆಯವರೂ ದೂರು ಸಲ್ಲಿಸಬಹುದು.

ವೈದ್ಯರನ್ನು ಯಾವಾಗ ಕಾಣಬೇಕು?

ಈ ಲಕ್ಷಣಗಳಲ್ಲಿ ಕೆಲವು ಎರಡು ವಾರಗಳಿಂದ ಹೆಚ್ಚುಕಡಿಮೆ ಪ್ರತಿದಿನ ಇದ್ದರೆ ತಡಮಾಡಬೇಡಿ:

• ದಿನದ ಬಹುಪಾಲು ದುಃಖ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು
• ನಿದ್ದೆ ಅಥವಾ ಹಸಿವಿನಲ್ಲಿ ದೊಡ್ಡ ಬದಲಾವಣೆ
• ಸದಾ ಸುಸ್ತು, ಕೆಲಸದಲ್ಲಿ ಗಮನ ನಿಲ್ಲದಿರುವುದು
• ತಾನು ನಿಷ್ಪ್ರಯೋಜಕ ಎಂಬ ಭಾವನೆ

ಸಾಯಬೇಕೆಂಬ ಯೋಚನೆ ಬಂದರೆ ಎರಡು ವಾರ ಕಾಯಬೇಡಿ. ಕೂಡಲೇ ಪಕ್ಕದಲ್ಲಿರುವವರಿಗೆ ಹೇಳಿ, ಒಂಟಿಯಾಗಿರಬೇಡಿ, ಆ ದೇಶದ ತುರ್ತು ಸಂಖ್ಯೆಗೆ ಕರೆ ಮಾಡಿ.

ಈಗಾಗಲೇ ಔಷಧಿ ಸೇವಿಸುತ್ತಿದ್ದರೆ

ಹೊಸ ಜಾಗಕ್ಕೆ ಹೋದ ಹುರುಪಿನಲ್ಲಿ ಮಾತ್ರೆ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಔಷಧಿಯ ಮೂಲ ಹೆಸರಿರುವ ವೈದ್ಯರ ಚೀಟಿ ಜೊತೆಗಿರಲಿ. ಮಾತ್ರೆಗಳನ್ನು ಮೂಲ ಪ್ಯಾಕ್‌ನಲ್ಲೇ, ಕೈಚೀಲದಲ್ಲಿ ಒಯ್ಯಿರಿ. ಇಲ್ಲಿ ಚೀಟಿ ತೋರಿಸಿ ಕೊಳ್ಳುವ ಕೆಲವು ನಿದ್ದೆ, ಆತಂಕ ಮತ್ತು ನೋವಿನ ಮಾತ್ರೆಗಳಿಗೆ ಯುಎಇಯಂತಹ ದೇಶಗಳಲ್ಲಿ ಮುಂಚಿತ ಅನುಮತಿ ಬೇಕು. ಹೊರಡುವ ಮೊದಲೇ ವಿಚಾರಿಸಿ. ಸಮಯದ ವ್ಯತ್ಯಾಸಕ್ಕೆ ತಕ್ಕಂತೆ ಯಾವಾಗ ನುಂಗಬೇಕೆಂದು ವೈದ್ಯರನ್ನು ಕೇಳಿ.

ಊರಿನಲ್ಲಿರುವ ಮನೆಯವರಿಗೆ

'ಹೇಗಿದ್ದೀಯಾ?' ಎಂದರೆ 'ಚೆನ್ನಾಗಿದ್ದೀನಿ' ಎಂಬ ಉತ್ತರವೇ ಬರುತ್ತದೆ. ಬದಲಿಗೆ 'ರಾತ್ರಿ ನಿದ್ದೆ ಬಂತಾ? ಮಧ್ಯಾಹ್ನ ಏನು ತಿಂದೆ? ಯಾರ ಜೊತೆ ಊಟ ಮಾಡಿದೆ?' ಎಂದು ಕೇಳಿ. ಪ್ರತಿ ಕರೆಯಲ್ಲೂ ಹಣದ ವಿಷಯವೇ ಬೇಡ. ಅಪ್ಪ ಆಸ್ಪತ್ರೆಯಲ್ಲಿದ್ದರೆ ಮುಚ್ಚಿಡಬೇಡಿ. ನಂತರ ತಿಳಿದರೆ ಪ್ರತಿ ಕರೆಯ ಮೇಲೂ ಅನುಮಾನ ಹುಟ್ಟುತ್ತದೆ. ಮಾತು ಕಡಿಮೆಯಾದರೆ, ಕರೆ ತಪ್ಪಿಸುತ್ತಿದ್ದರೆ ಅಲ್ಲಿನ ಸ್ನೇಹಿತರೊಬ್ಬರಿಗೆ ಹೋಗಿ ನೋಡಲು ಹೇಳಿ.

ಏನು ಮಾಡಬೇಕೆಂದು ತೋಚದಿದ್ದರೆ, ಭಾರತದಲ್ಲಿರುವ ನೀವು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆ ಲಭ್ಯ, ಕನ್ನಡದಲ್ಲೂ ಮಾತನಾಡಬಹುದು.