ರೆಪ್ಪೆಯ ಚರ್ಮವೂ ಕಣ್ಣಿನ ಸ್ವಚ್ಛಪಟಲವೂ

ವೃದ್ಧಾಪ್ಯದಲ್ಲಿ ಮೇಲ್ರೆಪ್ಪೆಯ ಚರ್ಮವು ಸಡಿಲಗೊಂಡು, ಮಡಿಕೆಮಡಿಕೆಯಾಗಿ ಎವೆಗೂದಲಿನ ಮೇಲೆ ಜೋಲುಬೀಳುವುದನ್ನು ಕಾಣದ ಮನೆಯಿಲ್ಲ. ಮುಪ್ಪಿನವರು ಓದಲು ಕುಳಿತಾಗ ಹುಬ್ಬನ್ನು ಮೇಲೆತ್ತಿ, ಹಣೆಯನ್ನು ಸುಕ್ಕಿಸಿ, ಗದ್ದವನ್ನು ಮುಂದೆ ಚಾಚುವುದನ್ನು ಮನೆಯವರು ಕೇವಲ ಅಭ್ಯಾಸವೆಂದು ತಿಳಿಯುವರು. ವಾಸ್ತವವಾಗಿ ಅದು ಕಣ್ಣಿನ ಮೇಲಿಳಿದ ತೆರೆಯನ್ನು ಹಣೆಯ ಸ್ನಾಯುವಿನ ಬಲದಿಂದ ಎತ್ತಿಹಿಡಿಯುವ ಪ್ರಯತ್ನ. ಸಂಜೆಯ ವೇಳೆಗೆ ಹಣೆ ನೋಯುವುದಕ್ಕೆ ಇದೂ ಒಂದು ಕಾರಣ. ಇದನ್ನು ವಯಸ್ಸಿನ ಗುರುತೆಂದು ಎಣಿಸಿ ಸುಮ್ಮನಾಗುವುದು ಲೋಕರೂಢಿಯಾದರೂ, ವೈದ್ಯಶಾಸ್ತ್ರದ ಚರಿತ್ರೆಯನ್ನು ನೋಡಿದರೆ ಈ ಒಂದಂಗುಲ ಚರ್ಮವು ಎರಡು ಸಾವಿರ ವರ್ಷಗಳಿಂದ ವೈದ್ಯರನ್ನು ಚಿಂತೆಗೆ ಗುರಿಮಾಡಿರುವುದು ಕಂಡುಬರುತ್ತದೆ. ಆ ಚಿಂತೆಗೆ ಮೂಲವು ರೆಪ್ಪೆಯ ಹಿಂದಿರುವ ಸ್ವಚ್ಛಪಟಲ.

ಕರಿಯಾಲಿಯ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಈ ಪಟಲವನ್ನು ಇಂದಿನ ವೈದ್ಯರು ಕಾರ್ನಿಯಾ ಎನ್ನುವರು. ಇದರ ದಪ್ಪವು ನಡುವಿನಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಇದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಬೆಳಕು ತಡೆಯಿಲ್ಲದೆ ಒಳಹೊಗುತ್ತಿರಲಿಲ್ಲ. ತೇವವು ಇದಕ್ಕೆ ಕಣ್ಣೀರಿನಿಂದ ದೊರೆಯಬೇಕು. ಆ ಕಣ್ಣೀರನ್ನು ಕ್ಷಣಕ್ಷಣಕ್ಕೂ ಸಮನಾಗಿ ಸವರುವ ಕೆಲಸ ರೆಪ್ಪೆಯದು. ರೆಪ್ಪೆಯು ಕೆಟ್ಟರೆ ಸ್ವಚ್ಛಪಟಲಕ್ಕೆ ಎರಡು ಬಗೆಯಿಂದ ಹಾನಿಯುಂಟು. ಚರ್ಮವು ಅತಿಯಾಗಿ ಇಳಿದರೆ ಎವೆಗೂದಲು ಒಳಕ್ಕೆ ಬಾಗಿ ಪಟಲವನ್ನು ಉಜ್ಜುವುದು. ಚರ್ಮವು ಸಾಲದೆ ಹೋದರೆ ಕಣ್ಣು ಮುಚ್ಚದೆ ಪಟಲವು ಒಣಗುವುದು. ಎರಡೂ ಕಡೆಗೆ ಹುಣ್ಣೇ ಫಲ. ಹುಣ್ಣು ಆಳವಾಗಿ ಮಾಯ್ದಲ್ಲಿ ಬಿಳಿಯ ಕಲೆ ನಿಲ್ಲುತ್ತದೆ. ನಮ್ಮ ಜನರು ಇದನ್ನೇ ಕಣ್ಣಿನಲ್ಲಿ ಹೂ ಬಿದ್ದಿತೆನ್ನುವರು.

ಈ ಮಾತನ್ನು ಬಹು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ಸೆಲ್ಸಸ್ ಒಬ್ಬನು. ಅವನ ವೈದ್ಯಗ್ರಂಥದ ಏಳನೆಯ ಭಾಗದಲ್ಲಿ, ಎವೆಗೂದಲು ಕಣ್ಣನ್ನು ಚುಚ್ಚುವುದಕ್ಕೆ ಎರಡು ಕಾರಣಗಳನ್ನು ಹೇಳಿದೆ. ಮೇಲ್ರೆಪ್ಪೆಯ ಚರ್ಮವು ಸಡಿಲವಾಗಿ ಕೆಳಗೆ ಜಾರುವಾಗ ಒಳಗಿನ ಗಟ್ಟಿಯಾದ ತಗಡು ಅದರೊಡನೆ ಜಾರದಿರುವುದರಿಂದ ಕೂದಲು ಕಣ್ಣಿನ ಕಡೆಗೆ ತಿರುಗುವುದೆಂಬುದು ಮೊದಲನೆಯದು. ಸಹಜವಾದ ಸಾಲಿನ ಕೆಳಗೆ ಮತ್ತೊಂದು ಸಾಲು ಹುಟ್ಟುವುದೆಂಬುದು ಎರಡನೆಯದು. ಹೆಚ್ಚಾದ ಚರ್ಮವನ್ನು ಕತ್ತರಿಸಿ ಹೊಲಿಯುವುದೇ ಅವನ ಚಿಕಿತ್ಸೆ. ಕತ್ತಿಯನ್ನು ಹಿಡಿಯುವ ಮೊದಲು ಎಲ್ಲಿ ಕೊಯ್ಯಬೇಕೆಂಬುದನ್ನು ಮಸಿಯಿಂದ ಗುರುತು ಮಾಡಿಕೊಳ್ಳಬೇಕೆಂದು ವಿಧಿಸಿ, ಎರಡು ಅಪಾಯಗಳನ್ನೂ ಎಣಿಸುವನು: ಹೆಚ್ಚು ತೆಗೆದರೆ ಕಣ್ಣು ಮುಚ್ಚಲಾರದು, ಕಡಿಮೆ ತೆಗೆದರೆ ಕಾರ್ಯವೂ ಆಗದು, ರೋಗಿಯು ಸುಮ್ಮನೆ ಕೊಯ್ಯಿಸಿಕೊಂಡಂತಾಗುವುದು. ಮುಚ್ಚದ ಕಣ್ಣಿಗೆ ಗ್ರೀಕರು ಮೊಲಗಣ್ಣು ಎಂದು ಹೆಸರಿಟ್ಟಿದ್ದರು. ಮೊಲವು ಕಣ್ಣು ತೆರೆದೇ ಮಲಗುವುದೆಂದು ಅವರ ಎಣಿಕೆ. ಚರ್ಮದ ಕೊರತೆ ದೊಡ್ಡದಾದರೆ ಮದ್ದೇ ಇಲ್ಲವೆಂದೂ, ಅಲ್ಪವಾದರೆ ಹುಬ್ಬಿನ ಕೆಳಗೆ ಅರ್ಧಚಂದ್ರಾಕಾರವಾಗಿ ಕೊಯ್ದು ರೆಪ್ಪೆಯನ್ನು ಇಳಿಸಬಹುದೆಂದೂ ಸೆಲ್ಸಸನು ಬರೆದಿರುವುದನ್ನು ಓದಿದರೆ, ಅತಿಯಾಗಿ ಕೊಯ್ದ ಕಣ್ಣುಗಳನ್ನು ಅವನ ಕಾಲದವರು ಕಂಡಿರಲೇಬೇಕೆಂದು ತೋರುತ್ತದೆ.

ನಮ್ಮ ದೇಶದ ಸುಶ್ರುತಸಂಹಿತೆಯ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅದರ ಉತ್ತರತಂತ್ರದಲ್ಲಿ 76 ನೇತ್ರರೋಗಗಳನ್ನು ಎಣಿಸಿದ್ದು, ಅವುಗಳಲ್ಲಿ 21 ರೆಪ್ಪೆಗೆ ಸೇರಿದುವು. ಇವುಗಳಲ್ಲಿ ಪಕ್ಷ್ಮಕೋಪವೆಂಬುದು ಎವೆಗೂದಲು ಒಳಸರಿದು ಕಣ್ಣನ್ನು ಚುಚ್ಚುವ ರೋಗ. ಇದು ಮುಪ್ಪಿನ ಜೋಲುರೆಪ್ಪೆಯೇ ಎನ್ನಲಾಗದು. ಆದರೆ ಕೊಯ್ಯುವ ಕ್ರಮವು ಅದೇ ಜಾತಿಯದು. ಹುಬ್ಬಿನ ಕೆಳಗೆ ಎರಡು ಭಾಗವನ್ನೂ ಎವೆಯ ಬಳಿ ಒಂದು ಭಾಗವನ್ನೂ ಬಿಟ್ಟು, ನಡುವೆ ಜವೆಯ ಕಾಳಿನ ಆಕಾರದ ಚರ್ಮವನ್ನು ತೆಗೆಯಬೇಕು. ಅನಂತರ ಕೂದಲಿನಿಂದ ಹೊಲಿದು, ಜೇನುತುಪ್ಪವನ್ನೂ ತುಪ್ಪವನ್ನೂ ಹಚ್ಚಿ, ಹೊಲಿಗೆಯ ಕೂದಲನ್ನು ಹಣೆಗೆ ಕಟ್ಟಿದ ಪಟ್ಟಿಗೆ ಬಿಗಿಯಬೇಕು. ಗಾಯವು ಕೂಡಿಕೊಂಡ ಮೇಲೆ ಕೂದಲನ್ನು ಬಿಡಿಸಬೇಕು. ಎಷ್ಟನ್ನು ತೆಗೆಯಬೇಕೆಂಬುದಕ್ಕಿಂತ ಮೊದಲು ಎಷ್ಟನ್ನು ಬಿಡಬೇಕೆಂಬುದನ್ನು ಹೇಳಿರುವುದು ಇಲ್ಲಿ ಗಮನಿಸತಕ್ಕ ಸಂಗತಿ.

ಸುಮಾರು 1000ದ ಆಸುಪಾಸಿನಲ್ಲಿ ಸ್ಪೇನಿನ ಅಲ್‌ ಜಹ್ರಾವಿ, ಬಾಗ್ದಾದಿನ ಅಲಿ ಇಬ್ನ್ ಈಸಾ ಮೊದಲಾದ ಅರಬ್ಬೀ ವೈದ್ಯರು ಕತ್ತಿಯಿಲ್ಲದ ಇನ್ನೊಂದು ಉಪಾಯವನ್ನೂ ಬಲ್ಲವರಾಗಿದ್ದರು. ಜೋಲುವ ಮಡಿಕೆಯನ್ನು ಎರಡು ತೆಳುವಾದ ಸೀಳುಕಡ್ಡಿಗಳ ನಡುವೆ ಬಿಗಿಯಾಗಿ ಕಟ್ಟಿಬಿಟ್ಟರೆ, ಕೆಲವು ದಿನಗಳಲ್ಲಿ ಅದು ಸತ್ತು ತಾನಾಗಿ ಉದುರುತ್ತಿದ್ದಿತು. ಆ ಕಾಲದಲ್ಲಿ ಇದನ್ನು ಸಹಿಸಿದವರ ಧೈರ್ಯವು ವೈದ್ಯನ ಜಾಣತನಕ್ಕೆ ಕಡಿಮೆಯದಲ್ಲ.

ಮುಂದಿನ ಹಲವು ಶತಮಾನಗಳನ್ನು ಬೇಗನೆ ದಾಟಬಹುದು. ವಿಯೆನ್ನಾ ನಗರದ ಬೇರ್ ಎಂಬ ನೇತ್ರವೈದ್ಯನು 1817ರಲ್ಲಿ ಜೋಲುಬಿದ್ದ ರೆಪ್ಪೆಯ ಚಿತ್ರವನ್ನು ಪ್ರಕಟಿಸಿದನು. ಅದೇ ನಗರದ ಫುಕ್ಸನು 1896ರಲ್ಲಿ, ಮತ್ತೆಮತ್ತೆ ಊದಿ ಸಡಿಲವಾಗುವ ರೆಪ್ಪೆಯ ರೋಗಕ್ಕೆ ಬ್ಲೆಫರೊಕಲಾಸಿಸ್ ಎಂದು ಹೆಸರಿಟ್ಟನು. ಇದು ಹೆಚ್ಚಾಗಿ ಎಳೆಯರಲ್ಲಿ ಕಾಣುವುದು. ಮುಪ್ಪಿನಲ್ಲಿ ಚರ್ಮವು ಬಿಗಿಯನ್ನು ಕಳೆದುಕೊಂಡು ಜೋಲುವುದಕ್ಕೆ ಡರ್ಮಟೊಕಲಾಸಿಸ್ ಎಂಬ ಬೇರೆ ಹೆಸರು ಅನಂತರ ಬಂದಿತು. ಇವೆರಡನ್ನೂ ಒಂದೇ ಎಂದು ಬೆರೆಸಿ ಬರೆದವರು ಕಡಿಮೆಯೇನಲ್ಲ.

ಆದರೆ ಹತ್ತೊಂಬತ್ತನೆಯ ಶತಮಾನದ ನಿಜವಾದ ಲಾಭವು ಸ್ವಚ್ಛಪಟಲವನ್ನು ನೋಡುವ ಉಪಕರಣಗಳಿಂದ ಬಂದಿತು. ಪೋರ್ಚುಗಲ್ಲಿನ ಪ್ಲಾಸಿದೊ ಎಂಬವನು 1880ರಲ್ಲಿ ಕರಿ ಬಿಳಿ ಬಳೆಗಳನ್ನು ಬರೆದ ತಟ್ಟೆಯೊಂದನ್ನು ರಚಿಸಿದನು. ಅದರ ಪ್ರತಿಬಿಂಬವು ಕಣ್ಣಿನಲ್ಲಿ ದುಂಡಾಗಿ ಕಂಡರೆ ಪಟಲವು ಸಮವೆಂದೂ, ಸೊಟ್ಟಾಗಿ ಕಂಡರೆ ವಕ್ರವೆಂದೂ ತಿಳಿಯುವುದು. 1882ರಲ್ಲಿ ಫ್ಲೂರೊಸೀನ್ ಎಂಬ ಬಣ್ಣವು ಪ್ರಯೋಗಕ್ಕೆ ಬಂದು, ಕಣ್ಣಿಗೆ ಕಾಣದ ಗೀರುಗಳು ಹಸುರಾಗಿ ಹೊಳೆದವು. ಜರ್ಮನಿಯ ಶಿರ್ಮರನು 1903ರಲ್ಲಿ ಹೀರುಕಾಗದದ ಸಣ್ಣ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ, ಐದು ನಿಮಿಷಗಳಲ್ಲಿ ಅದು ಎಷ್ಟು ನೆನೆಯುವುದೆಂದು ನೋಡಿ ಕಣ್ಣೀರನ್ನು ಅಳೆದನು. ಸೆಲ್ಸಸನು ಊಹೆಯಿಂದ ಅಂಜಿದ್ದ ಅಪಾಯವು ಹೀಗೆ ಅಳತೆಗೆ ಸಿಕ್ಕಿತು.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಶಸ್ತ್ರವು ಸೌಂದರ್ಯಕ್ಕಾಗಿ ಬಳಕೆಗೆ ಬಂದಿತು. 1926ರಲ್ಲಿ ಈ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದ ಪ್ಯಾರಿಸಿನ ಸುಜಾನ್ ನೊಯೆಲ್ ಎಂಬ ವೈದ್ಯಳು, ಮುಖದಲ್ಲಿ ಮುಪ್ಪು ಕಂಡರೆ ಕೆಲಸವನ್ನು ಕಳೆದುಕೊಳ್ಳುವ ಹೆಂಗಸರಿಗೆ ಇದು ಬದುಕಿನ ಪ್ರಶ್ನೆಯೆಂದು ಭಾವಿಸಿದವಳು. ಆಕೆಯನ್ನು ಬರಿಯ ಬೆಡಗಿನ ಪಕ್ಷಪಾತಿಯೆನ್ನಲಾಗದು. ಆದರೂ ಚೆಲುವಿನ ಹಂಬಲದಿಂದ ಹೆಚ್ಚು ಚರ್ಮವನ್ನು ತೆಗೆದಲ್ಲೆಲ್ಲ ಹಳೆಯ ಮೊಲಗಣ್ಣೇ ಮರಳಿ ಬಂದಿತು. ಕಣ್ಣೀರು ಮೊದಲೇ ಕಡಿಮೆಯಾಗಿರುವ ಮುದುಕರಲ್ಲಿ ಇದು ಇನ್ನೂ ಕಠಿನ. ರಾತ್ರಿ ರೆಪ್ಪೆಯು ಕೂದಲೆಳೆಯಷ್ಟು ತೆರೆದಿದ್ದರೂ ಬೆಳಗಾಗುವಷ್ಟರಲ್ಲಿ ಕಣ್ಣಿನಲ್ಲಿ ಮರಳು ಬಿದ್ದಂತೆ ಉರಿಯುವುದು.

ಇತ್ತೀಚಿನ ದಶಕಗಳಲ್ಲಿ ಇನ್ನೊಂದು ಸಂಗತಿಯು ತಿಳಿದುಬಂದಿದೆ. ಪ್ಲಾಸಿದೊನ ಬಳೆಗಳನ್ನೇ ಈಗ ಗಣಕಯಂತ್ರವು ಓದಿ ಪಟಲದ ನಕ್ಷೆಯನ್ನು ಬಿಡಿಸುತ್ತದೆ. ಜೋಲುವ ಮಡಿಕೆಯ ಒತ್ತಡದಿಂದ ಪಟಲದ ವಕ್ರತೆಯು ಅಲ್ಪವಾಗಿ ಬದಲಾಗಬಹುದೆಂದೂ, ಮಡಿಕೆಯನ್ನು ತೆಗೆದ ಮೇಲೆ ಕೆಲವರಿಗೆ ಕನ್ನಡಕದ ಅಂಕಿಯೇ ತುಸು ಬೇರೆಯಾಗುವುದೆಂದೂ ಈ ನಕ್ಷೆಗಳಿಂದ ಗೊತ್ತಾಗಿದೆ. ಪೊರೆಯ ಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಇಡುವ ಮಸೂರದ ಲೆಕ್ಕವು ಈ ವಕ್ರತೆಯನ್ನೇ ನಂಬಿರುವುದರಿಂದ, ರೆಪ್ಪೆಯೂ ಪೊರೆಯೂ ಎರಡೂ ಇರುವವರಿಗೆ ಯಾವುದು ಮೊದಲೆಂಬುದನ್ನು ವೈದ್ಯರು ವಿಚಾರಿಸಿ ತೀರ್ಮಾನಿಸುವರು.

ಈಗಿನ ಶಸ್ತ್ರವೈದ್ಯರು ಕೊಯ್ಯುವ ಮೊದಲು ಶಿರ್ಮರನ ಕಾಗದದಿಂದಲೋ ಬೇರೆ ಪರೀಕ್ಷೆಯಿಂದಲೋ ಕಣ್ಣೀರಿನ ಸ್ಥಿತಿಯನ್ನು ತಿಳಿದು, ರೋಗಿಯನ್ನು ನೆಟ್ಟಗೆ ಕುಳ್ಳಿರಿಸಿ, ರೆಪ್ಪೆಯ ಮೇಲೆ ಶಾಯಿಯಿಂದ ಗೆರೆ ಎಳೆಯುವರು. ಹುಬ್ಬಿನ ಕೆಳಗಿನಿಂದ ಎವೆಯ ಅಂಚಿನವರೆಗೆ ಕಡಮೆಯೆಂದರೆ 20 ಮಿಲಿಮೀಟರಿನಷ್ಟು ಚರ್ಮವು ಉಳಿಯಬೇಕೆಂದು ಅಳೆದು, ಮಡಿಕೆಯನ್ನು ಚಿಮುಟದಿಂದ ಹಿಡಿದು, ಕಣ್ಣು ಮುಚ್ಚುವುದೇ ಎಂದು ಮತ್ತೊಮ್ಮೆ ನೋಡುವರು.