ಬಾಂದುಕಲ್ಲು ನಿಂತ ಕಾಲ

ಕನ್ನಡ ನಾಡಿನ ದಾನಶಾಸನಗಳಲ್ಲಿ ಅರಸನ ಬಿರುದಾವಳಿ ಮುಗಿದು, ದಾನಿಯ ವಂಶಾವಳಿ ಮುಗಿದು, ಪುಣ್ಯತಿಥಿಯ ಲೆಕ್ಕವೂ ಮುಗಿದ ಮೇಲೆ ಬರುವುದು ನೆಲದ ಎಲ್ಲೆ. ಮೂಡಲಿಗೆ ಹುಣಸೆಯ ಮರ, ತೆಂಕಲಿಗೆ ಹಳ್ಳ, ಪಡುವಲಿಗೆ ನಟ್ಟ ಕಲ್ಲು, ಬಡಗಲಿಗೆ ಹೆದ್ದಾರಿ. ಈಶಾನ್ಯದ ಮೂಲೆಗೆ ಒಂದು ಹುತ್ತ, ಆಗ್ನೇಯಕ್ಕೆ ಕೆರೆಯ ಕೋಡಿ. ಅವಸರದ ಓದುಗ ಈ ಸಾಲುಗಳನ್ನು ದಾಟಿ ಹೋಗುತ್ತಾನೆ. ಆದರೆ ದಾನ ಪಡೆದವನ ಮಕ್ಕಳು ಮೊಮ್ಮಕ್ಕಳ ಅನ್ನ ನಿಂತಿದ್ದುದು ಅದೇ ಸಾಲುಗಳ ಮೇಲೆ. ಶೈವ ದತ್ತಿಯಾದರೆ ಲಿಂಗಮುದ್ರೆಯ ಕಲ್ಲು, ವೈಷ್ಣವ ದತ್ತಿಯಾದರೆ ವಾಮನಮುದ್ರೆಯದು, ಬಸದಿಗೆ ಬಿಟ್ಟ ಭೂಮಿಯಾದರೆ ಮುಕ್ಕೊಡೆಯ ಕಲ್ಲು ಮೂಲೆಮೂಲೆಯಲ್ಲಿ ನಿಲ್ಲುತ್ತಿತ್ತು. ಆ ಕಲ್ಲನ್ನು ಕಿತ್ತವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ ಎಂದು ಶಾಸನ ಶಪಿಸುತ್ತಿತ್ತು. ಊರಿಂದೂರಿಗೆ ಕಾವಲಿಡಲಾಗದ ರಾಜ್ಯ ಗಡಿಯ ರಕ್ಷಣೆಯನ್ನು ಶಾಪಕ್ಕೆ ಒಪ್ಪಿಸಿತ್ತು.

ಅಳತೆಯೂ ಇಲ್ಲದಿರಲಿಲ್ಲ. ಮತ್ತರು, ಕಮ್ಮಗಳಲ್ಲಿ ನೆಲವನ್ನು ಎಣಿಸುತ್ತಿದ್ದರು. ಅಳೆಯಲು ಗಳೆ ಎಂಬ ಕೋಲಿತ್ತು. ಗಳೆಯ ಉದ್ದ ಸೀಮೆಯಿಂದ ಸೀಮೆಗೆ ಬೇರೆಯಾದುದರಿಂದ ಯಾವ ಗಳೆ ಎಂಬುದನ್ನು ಶಾಸನ ಹೆಸರಿಸಿಯೇ ಹೇಳಬೇಕಾಗುತ್ತಿತ್ತು. ಬನವಾಸಿಯನ್ನಾಳುತ್ತಿದ್ದ ಚಾವುಂಡರಾಯರಸ 1047ರಲ್ಲಿ ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದ ಬಳ್ಳಿಗಾವೆಯ ಶಾಸನಗಳಲ್ಲಿ ಭೇರುಂಡಗಳೆಯ ಮಾತು ಬರುತ್ತದೆ. ಗಣಿತವೂ ಹಿಂದುಳಿದಿರಲಿಲ್ಲ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಫಲಕ್ಕೆ ಎರಡು ಬಗೆಯ ಲೆಕ್ಕ ಕೊಟ್ಟ: ಕೆಲಸ ಸಾಗಿಸಲು ಸಾಕಾಗುವ ವ್ಯಾವಹಾರಿಕ ಫಲ, ಕರಾರುವಾಕ್ಕಾದ ಸೂಕ್ಷ್ಮ ಫಲ. ಅವನ ನಂತರ ರಾಜಾದಿತ್ಯ ಕ್ಷೇತ್ರಗಣಿತವನ್ನು ಕನ್ನಡದಲ್ಲೇ ಬರೆದ. ವಿದ್ಯೆ ಇತ್ತು, ಅದು ಪ್ರತಿ ರೈತನ ಹೊಲದ ಮೂಲೆಯವರೆಗೆ ಇಳಿಯಲು ಬೇಕಾದ ಆಡಳಿತದ ಸಂಕಲ್ಪ ಇನ್ನೂ ಹುಟ್ಟಿರಲಿಲ್ಲ.

ರೈತನಿಗೆ ನೆಲವೆಂದರೆ ಅದು ಹಿಡಿಯುವ ಬೀಜ. ಮೈಸೂರು ಸೀಮೆಯಲ್ಲಿ ಇದು ಖಂಡುಗದ ಗದ್ದೆ, ಇದು ಐದು ಕೊಳಗದ ಹೊಲ ಎನ್ನುತ್ತಿದ್ದರು. ಖಂಡುಗ ಬೀಜ ಹಿಡಿಯುವ ಗದ್ದೆಯೂ ಖಂಡುಗ ಬೀಜ ಹಿಡಿಯುವ ಬೆದ್ದಲೂ ವಿಸ್ತಾರದಲ್ಲಿ ಒಂದೇ ಅಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಧಾರವಾಡದ ಎರೆಸೀಮೆಯಲ್ಲಿ ಒಂದು ದಿನಕ್ಕೆ ಕೂರಿಗೆ ಬಿತ್ತುವಷ್ಟು ನೆಲಕ್ಕೆ ಕೂರಿಗೆಯೆಂದೇ ಹೆಸರು. ಕೆಳದಿಯ ಶಿವಪ್ಪನಾಯಕ ಹದಿನೇಳನೆಯ ಶತಮಾನದ ಮಧ್ಯದಲ್ಲಿ ಮಣ್ಣಿನ ತರ ನೋಡಿ, ಬಿತ್ತಿದ್ದೆಷ್ಟು ಬೆಳೆದದ್ದೆಷ್ಟು ಎಂದು ಲೆಕ್ಕವಿರಿಸಿ ಕಂದಾಯ ಗೊತ್ತುಮಾಡಿದ. ಶಿವಪ್ಪನಾಯಕನ ಶಿಸ್ತು ಎಂದು ಮಲೆನಾಡು ಇಂದಿಗೂ ನೆನೆಯುವ ಆ ಏರ್ಪಾಡು ತನ್ನ ಯುಗಕ್ಕೆ ದೊಡ್ಡ ಸಾಧನೆ. ಅದು ನೆಲದ ಸತ್ವವನ್ನು ತೂಗಿತು. ನೆಲದ ಅಂಚನ್ನು ಮಾತ್ರ ಊರಿನ ನೆನಪಿಗೇ ಬಿಟ್ಟಿತು.

ಆ ನೆನಪನ್ನು ಹೊತ್ತವನು ಕುಳವಾಡಿ. ಊರ ಹೊರಗಿನ ಕೇರಿಯಲ್ಲಿ ಅವನ ಮನೆ. ಗುಡಿಯೊಳಗೆ ಅವನಿಗೆ ಪ್ರವೇಶವಿಲ್ಲ. ಹಲವು ಊರುಗಳಲ್ಲಿ ಸ್ವಂತದ್ದೆನ್ನುವ ಅಂಗೈಯಗಲ ಹೊಲವೂ ಇಲ್ಲ. ಆದರೂ ಎರಡು ಊರುಗಳು ಗಡಿಗಾಗಿ ದೊಣ್ಣೆ ಎತ್ತಿದಾಗ ಗೌಡನೂ ಶಾನುಭೋಗನೂ ಅವನ ಹಿಂದೆ ನಡೆಯಬೇಕಿತ್ತು. 1873ರಲ್ಲಿ ಜೆ. ಎಸ್. ಎಫ್. ಮೆಕೆಂಜಿ ಎಂಬ ಇಂಗ್ಲಿಷ್ ಅಧಿಕಾರಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಈ ವಿಧಿಯನ್ನು ದಾಖಲಿಸಿದ್ದಾನೆ. ಊರ ಮಣ್ಣನ್ನು ಉಂಡೆ ಕಟ್ಟಿ, ನಡುವೆ ನೀರಿರಿಸಿ, ತಲೆಯ ಮೇಲೆ ಹೊತ್ತು ಕುಳವಾಡಿ ಗಡಿಯುದ್ದಕ್ಕೂ ನಡೆಯುತ್ತಾನೆ. ನಡೆದ ಗೆರೆ ಸರಿಯಾಗಿದ್ದರೆ ಉಂಡೆ ಉಳಿಯುತ್ತದೆ. ಅರಿಯದೆಯೇ ಗೆರೆ ತಪ್ಪಿದರೂ ಅದು ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ ಎಂಬುದು ನಂಬಿಕೆ. ಈ ನೆಲದ ಮೊದಲ ಒಡೆಯರು ಈ ಜನರೇ ಇದ್ದಿರಬೇಕು ಎಂಬ ಊಹೆಗೆ ಮೆಕೆಂಜಿ ಬಂದ. ಊಹೆ ಸರಿಯಿರಲಿ, ಬಿಡಲಿ, ಆ ವಿಧಿಯ ಭಾರ ಯಾರ ತಲೆಯ ಮೇಲಿತ್ತೆಂಬುದು ಮನಸ್ಸನ್ನು ಕಲಕುತ್ತದೆ. ಗಡಿ ಗೆದ್ದರೆ ಲಾಭ ಊರಿಗೆ. ತಪ್ಪಿದರೆ ಸಾವು ಅವನಿಗೆ.

ಹೊಲದೊಳಗಿನ ಲೆಕ್ಕ ಶಾನುಭೋಗನ ಕಡತದಲ್ಲಿತ್ತು. ಇದ್ದಿಲು, ಹುಣಸೆಯ ಅಂಟು ಬಳಿದು ಕಪ್ಪಾಗಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಆ ಲೆಕ್ಕವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ನಿಷ್ಠೆಯಿಂದ ಬರೆದ ಶಾನುಭೋಗರು ಬಹಳ ಜನರಿದ್ದರು, ಅದನ್ನು ಮರೆಯಬಾರದು. ಆದರೆ ಬಡ ಒಕ್ಕಲಿಗನ ಹೊಲ ಕಾಗದದಲ್ಲಿ ಹಿಗ್ಗುವುದೂ ಬಲಿಷ್ಠನ ಹೊಲ ಕುಗ್ಗುವುದೂ ಆ ಒಬ್ಬನ ಕೈಯಲ್ಲಿತ್ತು. ಕಂದಾಯ ಕಾಗದದ ಮೇಲೆ ನಿಲ್ಲುತ್ತಿದ್ದುದರಿಂದ ಹಿಗ್ಗಿದವನೇ ಸೋಲುತ್ತಿದ್ದ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಳೆಯುವವರ ಹೊಸ ದಂಡು ಬಂತು. ಮರುವರ್ಷವೇ ಕಾಲಿನ್ ಮೆಕೆಂಜಿ ಮೈಸೂರಿನ ಮೋಜಣಿಗೆ ಹೊರಟ. ಕಾವಲಿ ವೆಂಕಟ ಬೊರಯ್ಯನಂಥ ಪಂಡಿತರ ನೆರವಿನಿಂದ ನಕ್ಷೆಯ ಜೊತೆಗೆ ಊರೂರಿನ ಕೈಫಿಯತ್ತುಗಳನ್ನೂ ಕೂಡಿಸಿದ. ಅದೇ 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಆಧಾರರೇಖೆ ಅಳೆದ. ಮುಂದೆ ಹಿಮಾಲಯದವರೆಗೆ ಹೋದ ತ್ರಿಕೋನಗಳ ಜಾಲಕ್ಕೆ ಅದು ಪೂರ್ವಾಭ್ಯಾಸ. ಇವು ರಾಜ್ಯಗಳನ್ನೂ ಬೆಟ್ಟಗಳನ್ನೂ ಅಳೆದ ಮಹಾಕಾರ್ಯಗಳು. ಆದರೆ ಒಬ್ಬ ರೈತನ ಬದು ಎಲ್ಲಿ ಮುಗಿಯುತ್ತದೆಂಬ ಪ್ರಶ್ನೆಯನ್ನು ಅವು ಮುಟ್ಟಲಿಲ್ಲ.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಮುಂಬಯಿ ಸರಕಾರ, ಅದೂ ಒಂದು ದೊಡ್ಡ ಸೋಲಿನ ನಂತರ. 1820ರ ದಶಕದ ಕೊನೆಯಲ್ಲಿ ಆರ್. ಕೆ. ಪ್ರಿಂಗಲ್ ಪುಣೆಯ ಸುತ್ತಿನ ಪ್ರಾಂತ್ಯವನ್ನು ಅಳೆಸಿ, ಪ್ರತಿ ಮಣ್ಣಿನ ನಿವ್ವಳ ಆದಾಯ ಲೆಕ್ಕಹಾಕಿ ಕಂದಾಯ ವಿಧಿಸಿದ. ಅಳತೆಯಲ್ಲಿ ತಪ್ಪು, ಕೆಳಗಿನ ನೌಕರರಲ್ಲಿ ಲಂಚ, ದರದಲ್ಲಿ ಭಾರ. ರೈತರು ಊರು ಬಿಟ್ಟರು, ಹೊಲಗಳು ಬೀಳುಬಿದ್ದವು. ಆಗ ಇಂದಾಪುರ ತಾಲ್ಲೂಕಿನಲ್ಲಿ 1835ರಿಂದ ಹೊಸದಾಗಿ ಅಳೆಯಲು ಹೊರಟವರು ಇಬ್ಬರು ತರುಣರು: ಸಿವಿಲ್ ಸೇವೆಯ ಗೋಲ್ಡ್‌ಸ್ಮಿಡ್, ಎಂಜಿನಿಯರ್ ದಳದ ಜಾರ್ಜ್ ವಿಂಗೇಟ್. ಮುಂದೆ ವಿಂಗೇಟ್ ದಕ್ಷಿಣ ಮರಾಠಾ ಸೀಮೆಯೆಂದು ಕರೆಯುತ್ತಿದ್ದ ನಮ್ಮ ಧಾರವಾಡ ಭಾಗಕ್ಕೆ ಬಂದ. 1843–44ರಲ್ಲಿ ಹುಬ್ಬಳ್ಳಿ ತಾಲ್ಲೂಕಿಗೆ ಹೊಸ ಬಂದೋಬಸ್ತು ಜಾರಿಯಾಯಿತು. 1847ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಮೂವರೂ ಕೂಡಿ ಬರೆದ ಜಂಟಿ ವರದಿ ಈ ಪದ್ಧತಿಗೆ ಕಟ್ಟಳೆಯ ಗ್ರಂಥವಾಯಿತು.

ಪದ್ಧತಿಯ ಬುಡದಲ್ಲಿದ್ದುದು ಒಂದು ಜೊತೆ ಎತ್ತು. ಒಂದು ಜೊತೆ ಎತ್ತಿನಿಂದ ಸಾಗುವಳಿ ಮಾಡಬಹುದಾದಷ್ಟು ನೆಲ ಒಂದು ಸರ್ವೆ ನಂಬರು: ಹಗುರ ಮಣ್ಣಿನಲ್ಲಿ 20 ಎಕರೆ, ಮಧ್ಯಮದಲ್ಲಿ 15, ಭಾರಿ ಎರೆಯಲ್ಲಿ 12, ಭತ್ತದ ಗದ್ದೆಯಾದರೆ 4. ಅಳೆಯುವ ಸರಪಳಿ 33 ಅಡಿ ಉದ್ದ, ಹದಿನಾರು ಆಣೆಗಳಾಗಿ ವಿಂಗಡಿಸಿದ್ದು. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. ಅಂಥ 40 ಗುಂಟೆಗೆ ಒಂದು ಎಕರೆ. ರೂಪಾಯಿ ಆಣೆಯ ಲೆಕ್ಕ ಬಲ್ಲ ರೈತನಿಗೆ ತನ್ನ ಹೊಲದ ಲೆಕ್ಕವೂ ಅರ್ಥವಾಗುವಂತಿತ್ತು. ಆಳುವವರ ಅಂಕಗಣಿತ ಆಳಿಸಿಕೊಳ್ಳುವವರ ಬಾಯಿಲೆಕ್ಕಕ್ಕೆ ಇಷ್ಟು ಹತ್ತಿರ ಬಂದದ್ದು ಅಪರೂಪ.

ಮೋಜಣಿಯ ದಿನ ಹೊಲದಲ್ಲಿ ಊರೇ ನೆರೆಯುತ್ತಿತ್ತು. ಗೌಡ, ಕುಲಕರ್ಣಿ, ತಳವಾರ, ಹೊಲದ ಒಡೆಯ, ನಾಲ್ಕು ದಿಕ್ಕಿನ ನೆರೆಯವರು. ಎಲ್ಲೆಯನ್ನು ಮೊದಲು ಬಾಯಲ್ಲಿ ತೋರಿಸಬೇಕು; ತಕರಾರಿದ್ದರೆ ಅಲ್ಲೇ ಹೇಳಬೇಕು. ಬಳಿಕ ಮೋಜಣಿದಾರ ಹೊಲದ ಒಂದು ಮೂಲೆಯಿಂದ ದೂರದ ಮೂಲೆಗೆ ನೇರ ಗೆರೆ ಹಿಡಿದು ಸರಪಳಿ ಎಳೆಸುತ್ತಾನೆ. ಆ ಗೆರೆಯ ಮೇಲೆ ನಡೆಯುತ್ತ, ಕ್ರಾಸ್‌ಸ್ಟಾಫಿನ ಸೀಳಿನಲ್ಲಿ ಕಣ್ಣಿಟ್ಟು, ಎಡಬಲದ ಪ್ರತಿ ಮೂಲೆಗೂ ಲಂಬ ಹಿಡಿಯುತ್ತಾನೆ. ಎಷ್ಟು ಡೊಂಕಿನ ಹೊಲವಾದರೂ ಹೀಗೆ ತ್ರಿಕೋನಗಳಾಗಿ, ಚತುಷ್ಕೋನಗಳಾಗಿ ಒಡೆದು ಲೆಕ್ಕಕ್ಕೆ ಸಿಗುತ್ತದೆ. ಕೈಬರಹದ ಆ ಚಿತ್ರವೇ ಟಿಪ್ಪಣಿ. ಅದರಲ್ಲಿ ಗೆರೆಗಳು ಪ್ರಮಾಣಕ್ಕೆ ತಕ್ಕಂತಿರಬೇಕಾಗಿಲ್ಲ. ಗೆರೆಯ ಮೇಲೆ ಬರೆದ ಸರಪಳಿ, ಆಣೆಗಳ ಅಂಕಿಯೇ ಪ್ರಮಾಣ. ಇಂದು ಹದ್ದುಬಸ್ತಿಗೆ ಅರ್ಜಿ ಕೊಟ್ಟ ರೈತನ ಹೊಲಕ್ಕೆ ಬರುವ ಸರ್ವೇಯರ್ ಹಿಡಿದು ತರುವುದೂ ಅದೇ ಟಿಪ್ಪಣಿಯ ನಕಲನ್ನು. ಬಿಸಿಲಲ್ಲಿ ನಿಂತು ಒಂದೊಂದು ಅಂಕಿಯನ್ನೂ ಬರೆದ ಆ ಹೆಸರಿಲ್ಲದ ಮೋಜಣಿದಾರರಿಗೆ, ಮುಳ್ಳುಕಂಟಿಯಲ್ಲಿ ಸರಪಳಿ ಎಳೆದ ಕೂಲಿಯಾಳುಗಳಿಗೆ ಈ ನಾಡು ಸಲ್ಲಿಸಬೇಕಾದ ಗೌರವ ಸಲ್ಲಿಲ್ಲವೆಂದೇ ನಾನು ಭಾವಿಸುತ್ತೇನೆ. ಸರಪಳಿಯ ಒಂದು ಆಣೆಯೆಂದರೆ ಎರಡು ಅಡಿಗಿಂತ ತುಸು ಹೆಚ್ಚು. ಜೋಳ, ಹತ್ತಿ ಬೆಳೆಯುವ ಹೊಲಕ್ಕೆ ಆ ಸೂಕ್ಷ್ಮ ಧಾರಾಳ ಸಾಕು. ಅದೇ ಹೊಲ ನಿವೇಶನವಾಗಿ ಚದರಡಿಯ ಬೆಲೆ ಪಡೆದಾಗ, ಅಂಗುಲದ ವ್ಯಾಜ್ಯಕ್ಕೆ ಆ ಟಿಪ್ಪಣಿಯಲ್ಲಿ ಉತ್ತರ ಹುಡುಕುವುದು ಅದನ್ನು ಬರೆದವರಿಗೆ ಮಾಡುವ ಅನ್ಯಾಯ.

ಅಳೆದವನ ಹಿಂದೆ ಮಣ್ಣು ನೋಡುವವನು ಬರುತ್ತಿದ್ದ. ಹೊಲವನ್ನು ಚೌಕದ ಮನೆಗಳಾಗಿ ವಿಂಗಡಿಸಿ, ಅಗೆಸಿ, ಆಳವನ್ನು ಮೊಳದಲ್ಲಿ ನೋಡಿ, ಬಣ್ಣ, ಸುಣ್ಣಕಲ್ಲು, ಮರಳು, ಇಳಿಜಾರು, ನೀರು ನಿಲ್ಲುವ ದೋಷ ಎಲ್ಲವನ್ನೂ ಗುರುತುಹಾಕಿ ಒಂಬತ್ತು ತರಗತಿಗಳಲ್ಲಿ ಒಂದಕ್ಕೆ ಸೇರಿಸುತ್ತಿದ್ದ. ಒಂದೂಮುಕ್ಕಾಲು ಮೊಳ ಆಳದ ನಿರ್ದೋಷ ಎರೆಗೆ ಹದಿನಾರಾಣೆ. ಒಂದೊಂದು ದೋಷಕ್ಕೆ ಒಂದೊಂದು ಮೆಟ್ಟಿಲು ಇಳಿದು ಕಡೆಯದಕ್ಕೆ ಎರಡಾಣೆ. ಅದರ ಮೇಲೆ ನಿಂತ ಕಂದಾಯ ಮೂವತ್ತು ವರ್ಷ ಕದಲದೆಂಬ ಭರವಸೆಯಿತ್ತು. ಬಾವಿ ತೋಡಿದರೆ ದರ ಏರೀತೆಂಬ ಭಯ ಆ ಅವಧಿಗೆ ತೀರಿತು.

ಎಲ್ಲೆಡೆಯೂ ಇದಕ್ಕೆ ಸ್ವಾಗತ ಸಿಗಲಿಲ್ಲ. 1852ರಲ್ಲಿ ಖಾಂದೇಶದ ರೈತರು ಮೋಜಣಿಯ ವಿರುದ್ಧ ಗುಂಪುಗೂಡಿ ಎದ್ದರು. ನಮ್ಮ ಭಾಗದಲ್ಲಿ ಹೊಲ ಅಳೆಯುವವರ ಬೆನ್ನಿಗೇ ಇನಾಮಿನ ಸನ್ನದು ಕೇಳುವವರೂ ಬಂದರು. ತಲೆಮಾರುಗಳಿಂದ ಉಂಡ ಭೂಮಿಗೆ ಕಾಗದ ತೋರಿಸೆಂದು 1852ರ ಕಾನೂನಿನ ಬಲದಿಂದ ಇನಾಂ ಆಯೋಗ ಕೇಳಿದಾಗ ದೇಸಾಯಿ ದೇಶಪಾಂಡೆಗಳ ವಾಡೆಗಳಲ್ಲಿ ಸಿಟ್ಟು ಹೊಗೆಯಾಡಿತು. ಆ ಆಯೋಗದಲ್ಲಿ ದುಡಿದಿದ್ದ ಮ್ಯಾನ್ಸನ್ 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಬಂಡೆದ್ದ ನರಗುಂದದ ಬಾಬಾಸಾಹೇಬನ ಕಡೆಯವರ ಕೈಯಲ್ಲಿ ಹತನಾದ. ದತ್ತಕದ ನಿರಾಕರಣೆ, ಆಯುಧಗಳ ಹರಣ ಆ ಬಂಡಾಯಕ್ಕೆ ಹತ್ತಿರದ ಕಾರಣಗಳು ನಿಜ. ಆದರೆ ನೆಲದ ಕಾಗದ ಕೇಳುವ ಅಧಿಕಾರಿಯ ಮೇಲಿನ ಹಗೆ ಅದರೊಳಗೆ ಸೇರಿರಲಿಲ್ಲವೆನ್ನಲಾಗದು.

ಮೈಸೂರಿಗೆ ಈ ಸರಪಳಿ ಬಂದದ್ದು 1863ರಲ್ಲಿ, ಕಮಿಷನರ್ ಬೌರಿಂಗನ ಕಾಲಕ್ಕೆ. ಮುಂಬಯಿಯ ಪದ್ಧತಿಯನ್ನೇ ಆರಿಸಿಕೊಂಡು ಮೇಜರ್ ಆಂಡರ್ಸನ್ನನ ಮೇಲ್ವಿಚಾರಣೆಯಲ್ಲಿ ಚಿತ್ರದುರ್ಗದ ಸೀಮೆಯಿಂದ ಕೆಲಸ ಹೊರಟಿತು. 1876ರಿಂದ 78ರವರೆಗಿನ ಮಹಾಕ್ಷಾಮ ಊರುಗಳನ್ನೇ ಬರಿದುಮಾಡಿತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತು. ಅಳತೆ ಮಾತ್ರ ತಾಲ್ಲೂಕಿನಿಂದ ತಾಲ್ಲೂಕಿಗೆ ಸಾಗುತ್ತಲೇ ಇತ್ತು. ಬಯಲುಸೀಮೆಯಲ್ಲಿ ಹಗುರವಾಗಿ ಹರಿದ ಸರಪಳಿ ಮಲೆನಾಡಿನಲ್ಲಿ ತೊಡಕಿಗೆ ಬಿತ್ತು. ಅಡಕೆ ತೋಟದ ಎಲ್ಲೆಯನ್ನು ಅಳೆಯಬಹುದು; ಆ ತೋಟ ಬದುಕಿರುವುದು ಸೊಪ್ಪಿನ ಬೆಟ್ಟದಿಂದ, ಮೆಣಸು ಹಬ್ಬಿರುವುದು ಕಾನಿನಲ್ಲಿ. ಅವನ್ನು ಯಾರ ಲೆಕ್ಕಕ್ಕೆ ಬರೆಯುವುದು? ಕರಾವಳಿಯಲ್ಲೂ ಅದೇ ಕಷ್ಟ. ಮದರಾಸಿನವರು ಥಿಯೊಡೊಲೈಟ್ ಹಿಡಿದು ರೈತನ ಹಿಡುವಳಿಯಾದ ವರ್ಗದ ಜಮೀನನ್ನು ನಿಖರವಾಗಿ ಅಳೆದರು. ಸೊಪ್ಪು ಸೌದೆಗಾಗಿ ವರ್ಗದಿಂದ ನೂರು ಗಜದವರೆಗೆ ಚಾಚುವ ಕುಮ್ಕಿಯ ಹಕ್ಕು ಅಳತೆಗೂ ಒಡೆತನಕ್ಕೂ ನಡುವೆ ನಿಂತುಬಿಟ್ಟಿತು. ಬಯಲಿನಲ್ಲಿ ಹಳ್ಳ, ಬಂಡೆ, ಬಂಡಿದಾರಿ, ಸುಡುಗಾಡುಗಳು ಖರಾಬು ಎಂಬ ಕಲಮಿನಡಿ ಸೇರಿದವು. ದನ ಮೇಯಿಸುವವರಿಗೂ ಸೌದೆ ಆರಿಸುವವರಿಗೂ ಅದು ಹಾಳುನೆಲವಾಗಿರಲಿಲ್ಲ. ಅವರ ಹೆಸರು ಬರೆಯಲು ಮಾತ್ರ ಮೋಜಣಿಯ ಪುಸ್ತಕದಲ್ಲಿ ಕಲಮಿರಲಿಲ್ಲ.

1888ರ ಮೈಸೂರು ಭೂಕಂದಾಯ ಕಾನೂನು, ಮುಂಬಯಿಯ 1879ರ ಕಾನೂನಿನ ಮಾದರಿಯಲ್ಲೇ, ಮೋಜಣಿಯವರು ಗಡಿಗೆ ನಟ್ಟ ಬಾಂದುಕಲ್ಲನ್ನು ಕಾಪಾಡುವ ಹೊಣೆಯನ್ನು ಹಿಡುವಳಿದಾರನ ಮೇಲಿರಿಸಿತು. ಕಿತ್ತವನಿಗೆ ದಂಡ ಗೊತ್ತುಮಾಡಿತು. ಶಾಪ ಕಾಯುತ್ತಿದ್ದ ಕಲ್ಲನ್ನು ಕಾನೂನು ಕಾಯತೊಡಗಿತು. ಕುಳವಾಡಿ ಮಣ್ಣಿನ ಉಂಡೆ ಹೊರಬೇಕಾದ ಅಗತ್ಯ ತಪ್ಪಿತು. ಆ ಭಾರ ಇಳಿದದ್ದು ಒಳ್ಳೆಯದೇ. ಅದರೊಂದಿಗೆ ಗಡಿಯ ವಿಷಯದಲ್ಲಿ ಊರೆಲ್ಲ ಅವನ ಮಾತಿಗೆ ಕಿವಿಗೊಡುತ್ತಿದ್ದ ಆ ಒಂದು ಗಳಿಗೆಯೂ ಹೋಯಿತು, ಅದರ ಬದಲಿಗೆ ಅವನ ಹೆಸರಿಗೆ ಒಂದು ಸರ್ವೆ ನಂಬರು ಬರಲಿಲ್ಲ. ಹೊಸ ಯುಗದ ಲೆಕ್ಕದಲ್ಲಿ ಇದು ಉಳಿದುಹೋದ ಬಾಕಿ.

ಇನ್ನೊಂದು ಬಾಕಿ ನಂಬರಿನ ಒಳಗೇ ಇತ್ತು. ಎತ್ತಿನ ಜೊತೆಯ ಲೆಕ್ಕಕ್ಕೆ ಕೊರೆದ ದೊಡ್ಡ ನಂಬರುಗಳ ಹೊರಗೆರೆಯನ್ನು ಮೊದಲ ಮೋಜಣಿ ಕಲ್ಲಿನಲ್ಲಿ ನಿಲ್ಲಿಸಿತು. ಒಳಗೆ ಅಣ್ಣತಮ್ಮಂದಿರು ಹಂಚಿಕೊಂಡ ಪಾಲನ್ನು ಬಹುಮಟ್ಟಿಗೆ ಅಳೆಯಲಿಲ್ಲ. ಒಂದು ನಂಬರಿನಲ್ಲಿ ನಾಲ್ಕು ಮನೆ, ಎಂಟು ಮನೆಯವರು ಉಳುವಂತಾದಾಗ ಗಡಿ ಮತ್ತೆ ಬೇಲಿಗೆ, ಬದುವಿಗೆ, ಹಿರಿಯರ ಮಾತಿಗೆ ಜಾರಿತು. ಮುಂಬಯಿ 1903ರಲ್ಲಿ ಹಕ್ಕುದಾಖಲೆಯ ಕಾನೂನು ತಂದಿತು. ಮೈಸೂರು ನಂತರದ ದಶಕಗಳಲ್ಲಿ ಅದೇ ದಾರಿ ಹಿಡಿಯಿತು. ಹಿಸ್ಸಾ ಮೋಜಣಿಯವರು ಮತ್ತೆ ಊರೂರಿಗೆ ಹೊರಟು, ಪಾಲುಗಳನ್ನು ಅಳೆದು ಬೇರ್ಪಡಿಸುವ ಪೋಡಿ ಮಾಡತೊಡಗಿದರು. ಒಂದು ಊರಿನ ಪೋಡಿ ಮುಗಿಸಿ ಮುಂದಿನ ಊರಿಗೆ ಹೋಗುವಷ್ಟರಲ್ಲಿ ಹಿಂದಿನ ಊರಿನ ಒಂದೆರಡು ಮನೆಗಳಲ್ಲಿ ಹೊಸ ಪಾಲಿನ ಮಾತು ಎದ್ದಿರುತ್ತಿತ್ತು. ತಾಲ್ಲೂಕು ಕಚೇರಿಗಳ ಸರ್ವೆ ವಿಭಾಗದಲ್ಲಿ ಆ ಕೆಲಸ ಈಗಲೂ ನಡೆದಿದೆ.